ತರಬೇತಿಗೆ ಬರಿಗೈಲಿ ಹೋಗಬೇಡಿ

ಜನವರಿ ಬಂತೆಂದರೆ ಕೃಷಿ ತರಬೇತಿಗಳಿಗೆ ಸುಗ್ಗಿ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕಲ್ಲ! ಹಾಗಾಗಿ ಮಾವಿನ ಕಸಿಯ ತರಬೇತಿಯೂ ಫೆಬ್ರವರಿಯಲ್ಲೇ, ಅಡಿಕೆ ಕೊಳೆರೋಗದ ತರಬೇತಿಯೂ ಫೆಬ್ರವರಿಯಲ್ಲೇ. ಒಂದು ಚೀಲ, ಒಂದು ಪೆನ್ನು, ಮಧ್ಯಾಹ್ನ ಒಳ್ಳೆಯ ಊಟ, ಸಂಜೆ ಪ್ರಮಾಣಪತ್ರ. ಮಾವಿನ ವಾಟೆ ಕಸಿಗೆ, ಅಂದರೆ ವಾಟೆಯಿಂದ ಈಗಷ್ಟೇ ಮೊಳೆತ ಎಳೆ ಸಸಿಗೆ ಕಟ್ಟುವ ಕಸಿಗೆ, ಸರಿಯಾದ ಕಾಲ ಜೂನ್‌ನಿಂದ ಆಗಸ್ಟ್. ಫೆಬ್ರವರಿಯಲ್ಲಿ ಪರದೆಯ ಮೇಲೆ ನೋಡಿದ ಕಸಿ ಜುಲೈ ಹೊತ್ತಿಗೆ ತಲೆಯಲ್ಲಿ ಮಸುಕಾಗಿರುತ್ತದೆ, ಕೈಗಂತೂ ಬಂದಿರುವುದೇ ಇಲ್ಲ.

ಆದ್ದರಿಂದ ತರಬೇತಿ ಆರಿಸುವಾಗ ಮೊದಲು ನೋಡಬೇಕಾದ್ದು ನಿಮ್ಮ ಬೆಳೆಯ ಕ್ಯಾಲೆಂಡರ್. ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟ್ನಿ (ಬಳ್ಳಿಯ ರೆಂಬೆ ಸವರುವುದು) ಕಲಿಯಬೇಕೆಂದರೆ ಏಪ್ರಿಲ್ ಅಥವಾ ಅಕ್ಟೋಬರ್ ಚಾಟ್ನಿಗೆ ಹತ್ತು ಹದಿನೈದು ದಿನ ಮೊದಲು ಕಲಿಯಬೇಕು. ಅಡಿಕೆಯವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದನ್ನು ಕಲಿಯುವುದಾದರೆ ಮೇ ತಿಂಗಳು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ (ಕೆವಿಕೆ) ವರ್ಷದ ತರಬೇತಿ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ, ಕೇಳಿದರೆ ಕೊಡುತ್ತಾರೆ. ತಿಂಗಳು ಹೊಂದದಿದ್ದರೆ ಹತ್ತು ಹದಿನೈದು ರೈತರು ಸೇರಿ, ಇಂಥ ತಿಂಗಳು ಇಂಥ ವಿಷಯ ಬೇಕು ಎಂದು ಕೇಂದ್ರದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ಕೇಳುವವರು ಕಡಿಮೆ ಇರುವುದರಿಂದಲೇ ಇಂಥ ಪತ್ರಕ್ಕೆ ಬೆಲೆ ಹೆಚ್ಚು.

ದೇಶದ ಮೊದಲ ಕೆವಿಕೆ ಶುರುವಾದದ್ದು 1974ರಲ್ಲಿ, ಪುದುಚೇರಿಯಲ್ಲಿ. ಈಗ ನಮ್ಮ ರಾಜ್ಯದ ಎಲ್ಲ ಕಡೆ ಕೆವಿಕೆಗಳಿವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಆದರೆ ಯಾರ ಕೈಕೆಳಗಿದೆ ಎಂಬುದರ ಮೇಲೆ ಅದರ ಬಲ ಇರುತ್ತದೆ. ತುಮಕೂರಿನ ಹಿರೇಹಳ್ಳಿ ಮತ್ತು ಕೊಡಗಿನ ಗೋಣಿಕೊಪ್ಪಲಿನವು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಹಣ್ಣು, ತರಕಾರಿ, ನರ್ಸರಿಯ ವಿಷಯಕ್ಕೆ ಅಲ್ಲಿ ಹೋಗುವುದು ಒಳ್ಳೆಯದು. ಕೋಲಾರದ್ದು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಶಿರಸಿಯದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ಸುತ್ತೂರಿನದ್ದು ಜೆಎಸ್‌ಎಸ್ ನಡೆಸುವಂಥದ್ದು. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ನಿಮ್ಮ ವಿಷಯದ ತಜ್ಞರಿಲ್ಲದಿದ್ದರೆ ಪಕ್ಕದ ಜಿಲ್ಲೆಗೆ ಫೋನ್ ಮಾಡಲು ಸಂಕೋಚ ಬೇಡ.

ಇನ್ನೊಂದು ಮಾತು. ಕೆವಿಕೆಯಲ್ಲಿ ತರಬೇತಿಗಿಂತ ಹೆಚ್ಚು ಕಲಿಸುವುದು ಮುಂಚೂಣಿ ಪ್ರಾತ್ಯಕ್ಷಿಕೆ. ಹೊಸ ತಳಿ ಅಥವಾ ಪದ್ಧತಿಯನ್ನು ನಿಮ್ಮದೇ ಹೊಲದಲ್ಲಿ, ಸಾಮಾನ್ಯವಾಗಿ ಒಂದು ಎಕರೆಯಲ್ಲಿ, ಅವರ ಪರಿಕರ ಹಾಗೂ ಮೇಲ್ವಿಚಾರಣೆಯಲ್ಲಿ ಮಾಡಿ ನೋಡುವುದು. ವಿಜ್ಞಾನಿಗಳು ಹಲವು ಸಲ ಹೊಲಕ್ಕೇ ಬರುತ್ತಾರೆ. ಪ್ರಾತ್ಯಕ್ಷಿಕೆಗೆ ರೈತರನ್ನು ಆರಿಸುವುದು ಮುಂಗಾರಿಗೆ ಮೊದಲೇ. ಹೆಸರು ಕೊಡುವುದಿದ್ದರೆ ಏಪ್ರಿಲ್‌ನಲ್ಲೇ ಕೊಡಿ.

ಇನ್ನು ಬರಿಗೈಯ ವಿಷಯ. ತರಬೇತಿಯಲ್ಲಿ ಎದ್ದು ನಿಂತು "ಸಾರ್, ನಮ್ಮ ಟೊಮ್ಯಾಟೊ ಒಣಗ್ತಾ ಇದೆ, ಏನು ಹೊಡೀಬೇಕು?" ಎಂದರೆ ಯಾವ ತಜ್ಞರೂ ಊಹೆಯ ಉತ್ತರವನ್ನೇ ಕೊಡಬೇಕು. ಸೊರಗು ರೋಗದಲ್ಲಿ ಎರಡು ಬಗೆ: ಒಂದು ಬ್ಯಾಕ್ಟೀರಿಯಾದ್ದು, ಇನ್ನೊಂದು ಶಿಲೀಂಧ್ರದ್ದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಆ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಎಳೆ ಬರದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಮಾತ್ರ ಕಂಡರೆ ಫ್ಯುಸೇರಿಯಂ ಶಿಲೀಂಧ್ರದ ಅನುಮಾನ. ಮೊದಲನೆಯದಕ್ಕೆ ಶಿಲೀಂಧ್ರನಾಶಕವನ್ನು ಎಷ್ಟು ಲೀಟರ್ ಸುರಿದರೂ ದುಡ್ಡು ಮಣ್ಣುಪಾಲು. ಅಂಥ ಹೊಲದಲ್ಲಿ ಮುಂದಿನ ಸಲಕ್ಕೆ ಬೆಳೆ ಬದಲಿಸುವುದು, ಇಲ್ಲವೇ ಹೆಸರಘಟ್ಟದ ಅರ್ಕಾ ರಕ್ಷಕ್‌ನಂಥ, ಎಲೆಮುದುಡು, ಬ್ಯಾಕ್ಟೀರಿಯಾ ಸೊರಗು ಹಾಗೂ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್‌ನ ಕಡೆ ನೋಡುವುದು ಜಾಣತನ. ಈ ಲೋಟದ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ಹೋದವರಿಗೆ ತಜ್ಞರಿಂದ ಸಿಗುವ ಉತ್ತರವೇ ಬೇರೆ.

ಗಿಡದ ಮಾದರಿ ಒಯ್ಯುವಾಗ ಪೂರ್ತಿ ಸತ್ತ ಗಿಡ ಬೇಡ. ಅದರ ಮೇಲೆ ಆಮೇಲೆ ಬೆಳೆದ ಬೂಸ್ಟೇ ಕಾಣುತ್ತದೆ, ಮೂಲ ರೋಗ ಕಾಣುವುದಿಲ್ಲ. ಈಗಷ್ಟೇ ಲಕ್ಷಣ ತೋರಿಸುತ್ತಿರುವ ಗಿಡವನ್ನು ಬೇರುಸಹಿತ ಅಗೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬಸ್ಸಿನಲ್ಲೇ ಕೊಳೆಯುತ್ತದೆ. ಜೊತೆಗೆ ಒಂದು ಆರೋಗ್ಯವಂತ ಗಿಡವೂ ಇರಲಿ.

ಮಣ್ಣು ತೆಗೆಯುವುದು ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೇವೆ, ಆದರೆ ತಪ್ಪುಗಳು ಅಲ್ಲೇ ಹೆಚ್ಚು. ಎಕರೆಗೆ ಹತ್ತು ಹನ್ನೆರಡು ಕಡೆ, ಬದು, ತಿಪ್ಪೆ, ಮರದ ನೆರಳು, ಗೊಬ್ಬರ ಹಾಕಿದ ಸಾಲು ಬಿಟ್ಟು, ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು, ಬದಿಯಿಂದ ಒಂದಿಂಚು ದಪ್ಪದ ಹೋಳು ಕೆರೆಯಬೇಕು. ಹೊಲದ ಬೆಳೆಗೆ 15ರಿಂದ 20 ಸೆಂಟಿಮೀಟರ್ ಆಳ ಸಾಕು. ತೋಟಕ್ಕಾದರೆ 0–30 ಮತ್ತು 30–60 ಸೆಂಟಿಮೀಟರ್ ಎಂದು ಎರಡು ಬೇರೆ ಬೇರೆ ಮಾದರಿ. ಎಲ್ಲ ಸೇರಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಹಳೆಯ ಯೂರಿಯಾ ಚೀಲದಲ್ಲಿ ತುಂಬಿದರೆ ವರದಿಯಲ್ಲಿ ಬರುವುದು ಚೀಲದ ಸಾರಜನಕ. ಕಲಾಯಿ ತಗಡಿನ ಬಕೆಟ್‌ನಲ್ಲಿ ಕಲಸಿದರೆ ಸತು ಹೆಚ್ಚು ತೋರಿಸುತ್ತದೆ. ಹೊಸ ಬಟ್ಟೆ ಚೀಲ, ಪ್ಲಾಸ್ಟಿಕ್ ಬಕೆಟ್, ಅಷ್ಟೇ.

ತೋಟಗಾರಿಕೆ ಬೆಳೆಯಲ್ಲಿ ಮಣ್ಣಿನಷ್ಟೇ ಎಲೆಯೂ ಮಾತಾಡುತ್ತದೆ, ಆದರೆ ಯಾವ ಎಲೆ ಎಂಬುದು ಮುಖ್ಯ. ತೆಂಗಿನಲ್ಲಿ 14ನೇ ಗರಿ. ಮಾವಿನಲ್ಲಿ ನಾಲ್ಕರಿಂದ ಏಳು ತಿಂಗಳ, ರೆಂಬೆಯ ನಡುವಿನ ಎಲೆ. ಚಿಗುರು ಕೊಟ್ಟರೂ ಹಳೆಯ ಎಲೆ ಕೊಟ್ಟರೂ ಅಂಕಿ ಸುಳ್ಳು ಹೇಳುತ್ತದೆ. ನೀರಿನ ಮಾದರಿಗೆ ಬೋರ್‌ವೆಲ್ ಹತ್ತು ಹದಿನೈದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿ ಎರಡು ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ.

ಕಸಿಯ ತರಬೇತಿಗೆ ಹೋಗುವವರು ಒಂದೇ ಷರತ್ತು ಹಾಕಿಕೊಳ್ಳಿ: ನನ್ನ ಕೈಯಲ್ಲೇ ಕನಿಷ್ಠ ಇಪ್ಪತ್ತು ಕಸಿ ಆಗಬೇಕು. ಐವತ್ತು ಜನರ ತಂಡದಲ್ಲಿ ಇದು ಆಗುವುದಿಲ್ಲ. ವಾಟೆ ಕಸಿಗೆ 10ರಿಂದ 15 ದಿನದ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಸಸಿ ಬೇಕು. ಎಲೆ ಹಸಿರಾಯಿತೆಂದರೆ ಕಾಂಡ ಬಲಿತು ಕಸಿ ಕೂಡುವುದು ಕಡಿಮೆಯಾಗುತ್ತದೆ. ಕಸಿಕಡ್ಡಿಯ ಎಲೆಗಳನ್ನು ತೊಟ್ಟು ಉಳಿಸಿ ಏಳರಿಂದ ಹತ್ತು ದಿನ ಮೊದಲೇ ತಾಯಿಮರದಲ್ಲೇ ಕತ್ತರಿಸಿರಬೇಕು. ತೊಟ್ಟು ತಾನಾಗಿ ಉದುರಿ ಮೊಗ್ಗು ಉಬ್ಬಿದಾಗ ಕಡ್ಡಿ ತಯಾರು. ತರಬೇತಿಗಳಲ್ಲಿ ತಪ್ಪಿಹೋಗುವುದು ಈ ಭಾಗವೇ. ಕಡ್ಡಿಯನ್ನು ಮೊದಲೇ ತಯಾರು ಮಾಡಿಟ್ಟು ತಂದಿರುತ್ತಾರೆ, ಕಲಿಯುವವರು ಅದನ್ನು ನೋಡಿರುವುದೇ ಇಲ್ಲ. ಮನೆಗೆ ಬಂದು ಎಲೆ ಕಿತ್ತ ದಿನವೇ ಕಸಿ ಕಟ್ಟುತ್ತಾರೆ, ಒಣಗುತ್ತದೆ, "ಕೈ ಗುಣ ಇಲ್ಲ" ಎಂದು ಕೈಬಿಡುತ್ತಾರೆ.

ಸಸಿಯ ಕಾಂಡದಲ್ಲಿ ಮೂರರಿಂದ ನಾಲ್ಕು ಸೆಂಟಿಮೀಟರ್ ಸೀಳು, ಕಸಿಕಡ್ಡಿಯ ಬುಡದಲ್ಲಿ ಅಷ್ಟೇ ಉದ್ದದ ಬೆಣೆ. ಎರಡರ ದಪ್ಪವೂ ಒಂದೇ ಇರಬೇಕು, ಆಗದಿದ್ದರೆ ಒಂದು ಬದಿಯ ತೊಗಟೆಯಾದರೂ ತೊಗಟೆಗೆ ಕೂಡಬೇಕು. ಬೆಣೆಯನ್ನು ಒಂದೇ ಎಳೆತದಲ್ಲಿ ಕೊಯ್ಯಬೇಕು. ಗರಗಸದಂತೆ ಉಜ್ಜಿದರೆ ಮೇಲ್ಮೈ ಅಲೆಅಲೆಯಾಗಿ ನಡುವೆ ಗಾಳಿ ಉಳಿಯುತ್ತದೆ. ಪಾಲಿಥೀನ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕೊಳವೆಯ ಟೊಪ್ಪಿ ಹಾಕಿ ನೆರಳಲ್ಲಿಡಿ. ಚಿಗುರು ಬಂದಮೇಲೂ ಟೊಪ್ಪಿ ತೆಗೆಯದಿದ್ದರೆ ಒಳಗಿನ ತೇವಕ್ಕೆ ಚಿಗುರು ಕಪ್ಪಾಗುತ್ತದೆ. ಗೋಡಂಬಿಯ ಮೃದುಕಾಂಡ ಕಸಿಗಾದರೆ ಪುತ್ತೂರಿನ ಗೋಡಂಬಿ ಸಂಶೋಧನಾ ನಿರ್ದೇಶನಾಲಯವೇ ಸರಿಯಾದ ಶಾಲೆ.

ಬೋರ್ಡೋದ ಪಾಠಕ್ಕೆ ನಮ್ಮಲ್ಲಿ ಶತಮಾನದ ಇತಿಹಾಸವಿದೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ಅದನ್ನು ಇಲ್ಲಿನ ಜನ ಕರೆಯುತ್ತಿದ್ದ "ಕೊಳೆರೋಗ" ಎಂಬ ಹೆಸರಿನಲ್ಲೇ ವಿಜ್ಞಾನ ಲೋಕಕ್ಕೆ ತಿಳಿಸಿದರು. ಅಷ್ಟು ಹಳೆಯ ಪಾಠವಾದರೂ ಇವತ್ತಿಗೂ ತಪ್ಪು ನಡೆಯುವುದು ಸುಣ್ಣದಲ್ಲೇ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಹತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು ಹತ್ತು ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಸೋಸಿ, ತುತ್ತದ ನೀರನ್ನು ಕಲಕುತ್ತಾ ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ಒಟ್ಟು 100 ಲೀಟರ್ ಮಾಡಬೇಕು. ಗಾಳಿ ತಗುಲಿ ಹಳತಾದ ಸುಣ್ಣದ ಪುಡಿಯಲ್ಲಿ ಸತ್ವ ಇರುವುದಿಲ್ಲ. ತೂಕ ಸರಿಯಿದ್ದರೂ ತಾಮ್ರ ಬಿಡಿಯಾಗಿ ಉಳಿದು ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ ಸುಡುತ್ತದೆ. ಹೊಳೆಯುವ ಕತ್ತಿಯನ್ನು ಕೆಲ ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು. ಮಳೆಗಾಲ ಹಿಡಿಯುವ ಮುನ್ನ ಒಂದು ಸಲ, ನಂತರ 40–45 ದಿನಕ್ಕೆ ಇನ್ನೊಂದು. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವಂತಿಲ್ಲ.

ವೃತ್ತಿಯಾಗಿ ಈ ಕ್ಷೇತ್ರಕ್ಕೆ ಬರುವವರ ದಾರಿಗಳು ಬೇರೆ. ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆಯ ಹತ್ತು ತಿಂಗಳ ತರಬೇತಿ ಇದೆ, ಶಿಷ್ಯವೇತನವೂ ಉಂಟು. ಇಡೀ ವರ್ಷದ ಕೆಲಸ ಮಣ್ಣಲ್ಲೇ ಕಲಿಸುವುದರಿಂದ ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಕನ್ನಡದಲ್ಲೇ ಓದಬಹುದು. ಗೊಬ್ಬರ, ಔಷಧಿ ಅಂಗಡಿಯವರಿಗೆ ಹೈದರಾಬಾದಿನ ಕೃಷಿ ವಿಸ್ತರಣಾ ತರಬೇತಿ ಸಂಸ್ಥೆ ಮ್ಯಾನೇಜ್ ರೂಪಿಸಿದ ದೇಸಿ ಡಿಪ್ಲೊಮಾ: ವಾರಕ್ಕೊಂದು ದಿನದಂತೆ 48 ವಾರ, ಅದರಲ್ಲಿ 8 ಕ್ಷೇತ್ರ ಭೇಟಿ. ರೈತರು ರೋಗಕ್ಕೆ ಮೊದಲು ಕೇಳುವುದು ಅಂಗಡಿಯವರನ್ನೇ ಆದ್ದರಿಂದ ನಿಮ್ಮೂರಿನ ಅಂಗಡಿಯವರು ಇದನ್ನು ಮಾಡಿದ್ದಾರಾ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಕೃಷಿ ಪದವೀಧರರಿಗೆ ಕೃಷಿ ಕ್ಲಿನಿಕ್ ಯೋಜನೆಯ 45 ದಿನದ ವಸತಿ ತರಬೇತಿ, ಆಮೇಲೆ ಸಹಾಯಧನದ ಸಾಲ. ತೆಂಗು ಅಭಿವೃದ್ಧಿ ಮಂಡಳಿಯ ಆರು ದಿನದ "ತೆಂಗಿನ ಮರದ ಸ್ನೇಹಿತರು" ತರಬೇತಿಯಲ್ಲಿ ಯಂತ್ರದಿಂದ ಮರ ಹತ್ತುವುದರ ಜೊತೆ ಸುಳಿ ಸ್ವಚ್ಛ ಮಾಡುವುದು, ಕೀಟ ಗುರುತಿಸುವುದನ್ನೂ ಕಲಿಸುತ್ತಾರೆ. ಕಾಯಿ ಕೀಳುವವರೇ ಸಿಗದ ಊರಲ್ಲಿ ಇದು ನೇರ ಸಂಪಾದನೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ, ಗ್ರಾಮೀಣರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಮಾದರಿಯ ಕೇಂದ್ರಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಹೈನುಗಾರಿಕೆ, ಜೇನು, ಅಣಬೆಗೆ ಬ್ಯಾಂಕ್ ಸಾಲ ಬೇಕಿರುವವರು ಅಲ್ಲಿಗೇ ಹೋಗಲಿ.

ಫೋನಿನ ಸಂಪನ್ಮೂಲಗಳಲ್ಲಿ ಎರಡು ಸಾಕು. ಹವಾಮಾನ ತಿಳಿಸುವ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಸಲಹೆ ಬರುತ್ತದೆ. ಸಿಂಪಡಣೆಯ ದಿನ ಗೊತ್ತುಮಾಡುವ ಮುನ್ನ ಅದನ್ನು ನೋಡಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮೊದಲು ಬೆಳೆಯ ವಯಸ್ಸು, ವಿಸ್ತೀರ್ಣ, ಕೊನೆಯ ಸಲ ಹೊಡೆದ ಔಷಧಿಯ ಹೆಸರು, ಕಳೆದ ವಾರದ ಮಳೆ, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯೂಟ್ಯೂಬ್ ನೋಡಬೇಡಿ ಎನ್ನಲಾರೆ. ಆದರೆ ವಿಡಿಯೋ ಯಾವ ಜಿಲ್ಲೆಯದು, ಯಾವ ತಿಂಗಳದ್ದು ಎಂದು ಹೇಳದವರ ಪ್ರಮಾಣವನ್ನು ಟ್ಯಾಂಕಿಗೆ ಸುರಿಯಬೇಡಿ.

ತರಬೇತಿಯಿಂದ ಮರಳಿದ ಮೇಲೆ ಕಲಿತದ್ದನ್ನು ಹದಿನೈದು ದಿನದೊಳಗೆ ಹತ್ತು ಗಿಡದ ಮೇಲೆ ಮಾಡಿ, ಪಕ್ಕದಲ್ಲೇ ಒಂದು ಸಾಲನ್ನು ಮುಟ್ಟದೆ ಬಿಡಿ. ಆ ಸಾಲು ಇಲ್ಲದಿದ್ದರೆ ಫಲ ಬಂದದ್ದು ಔಷಧಿಯಿಂದಲೋ ಮಳೆಯಿಂದಲೋ ಹೇಳಲು ಬರುವುದಿಲ್ಲ. ದಿನಾಂಕ ಕಾಣುವಂತೆ ಫೋಟೋ ತೆಗೆದು ತರಬೇತಿ ಕೊಟ್ಟವರಿಗೆ ಕಳಿಸಿ. ಹೊರಡುವಾಗಲೇ ಅವರ ಮೊಬೈಲ್ ಜೊತೆ ಕಚೇರಿಯ ಸ್ಥಿರ ದೂರವಾಣಿಯನ್ನೂ ಬರೆದುಕೊಂಡಿರಿ. ವಿಜ್ಞಾನಿಗಳಿಗೆ ವರ್ಗಾವಣೆ ಆಗುತ್ತಿರುತ್ತದೆ, ಕಚೇರಿ ಅಲ್ಲೇ ಇರುತ್ತದೆ.