ಎಣ್ಣೆಗೆ ಹಿಟ್ಟು ಬೆರೆತ ಬೆಳಗು

ಆನ್‌ಮೇರಿ ಜಾಸಿರ್ ಅವರ ‘ಪ್ಯಾಲೆಸ್ಟೈನ್ 36’ ಚಿತ್ರ ನೋಡಿ ಬಂದ ಸಂಜೆಯಿಂದ ಮನಸ್ಸು ಅದರ ಹಳ್ಳಿಯಲ್ಲೇ ಸುತ್ತುತ್ತಿದೆ. 1936ರಲ್ಲಿ ಪ್ಯಾಲೆಸ್ಟೈನನ್ನು ಆಳುತ್ತಿದ್ದ ಬ್ರಿಟಿಷರ ವಿರುದ್ಧ ಎದ್ದ ಅರಬ್ ದಂಗೆಯ ಕಥೆಯಿದು. ಆಗಿನ ‘ಶೋಧ’ ಎಂದರೆ ಏನೆಂದು ಗೊತ್ತಿದ್ದರೆ ಚಿತ್ರ ಇನ್ನೂ ಆಳಕ್ಕೆ ತಟ್ಟುತ್ತದೆ.

ಬೆಳಕು ಹರಿಯುವ ಮೊದಲೇ ಬ್ರಿಟಿಷ್ ಪಡೆ ಊರನ್ನು ಸುತ್ತುಗಟ್ಟುತ್ತಿತ್ತು. ಗಂಡಸರನ್ನು ಹೊರಗೆಳೆದು ಬಯಲಲ್ಲಿ ಮುಳ್ಳುತಂತಿಯೊಳಗೆ ಕೂರಿಸುವುದು, ಹೆಂಗಸರು ಮಕ್ಕಳನ್ನು ಬೇರೆಡೆ ಕೂಡಿಹಾಕುವುದು. ಮುಸುಕು ಹಾಕಿದ ಮಾಹಿತಿದಾರನೊಬ್ಬನ ಮುಂದೆ ಒಬ್ಬೊಬ್ಬರನ್ನೇ ನಡೆಸುತ್ತಿದ್ದರು. ಅವನು ತಲೆಯಾಡಿಸಿದರೆ ಮುಗಿಯಿತು, ಆ ಮನುಷ್ಯ ಲಾರಿ ಹತ್ತಬೇಕು. ಅತ್ತ ಮನೆಗಳಲ್ಲಿ ಬಂದೂಕು ಹುಡುಕುವ ನೆಪದಲ್ಲಿ ಗೋಧಿ, ಹಿಟ್ಟು, ಬೇಳೆ, ಸಕ್ಕರೆ ಎಲ್ಲ ನೆಲಕ್ಕೆ ಸುರಿದು, ಮೇಲೆ ಆಲಿವ್ ಎಣ್ಣೆಯ ಜಾಡಿ ಒಡೆಯುತ್ತಿದ್ದರು. ಸೀಮೆಎಣ್ಣೆ ಬೆರೆಸಿದ್ದೂ ಉಂಟು.

ಇದು ಬರೀ ರಂಪವಲ್ಲ, ಲೆಕ್ಕ ಹಾಕಿ ಕೊಟ್ಟ ಪೆಟ್ಟು. ಆಲಿವ್ ಕೊಯ್ಲು ವರ್ಷಕ್ಕೊಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ. ಮರವೂ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಸೊರಗುತ್ತದೆ. ವಸಂತದಲ್ಲಿ ಜಾಡಿ ಒಡೆದರೆ ಮುಂದಿನ ಕೊಯ್ಲಿನವರೆಗೆ ರೊಟ್ಟಿಗೆ ಎಣ್ಣೆಯಿಲ್ಲ, ಸಾಬೂನಿಗೂ ಇಲ್ಲ. ಅದರ ಮೇಲೆ ಊರಿಗೆಲ್ಲ ದಂಡ. ಹತ್ತಿರದಲ್ಲೆಲ್ಲೋ ಯಾರೋ ಟೆಲಿಫೋನ್ ತಂತಿ ಕತ್ತರಿಸಿದರೂ ಇಡೀ ಹಳ್ಳಿ ತೆರಬೇಕು. ದುಡ್ಡಿಲ್ಲದಿದ್ದರೆ ದನ, ಧಾನ್ಯ ಹೊಡೆದುಕೊಂಡು ಹೋಗುತ್ತಿದ್ದರು. 1942ರ ಚಳವಳಿಯಲ್ಲಿ ನಮ್ಮ ಹಳ್ಳಿಗಳೂ ಕಂಡ ಪುಂಡುಗಂದಾಯವೇ ಅದು.

ಹೋಲಿಕೆ ಆಕಸ್ಮಿಕವಲ್ಲ. ಚಿತ್ರದಲ್ಲಿ ಲಿಯಾಮ್ ಕನಿಂಗ್‌ಹ್ಯಾಮ್ ಮಾಡಿರುವ ಚಾರ್ಲ್ಸ್ ಟೆಗಾರ್ಟ್ ಪಾತ್ರವನ್ನೇ ನೋಡಿ: ಬಂಗಾಳದ ಕ್ರಾಂತಿಕಾರಿಗಳನ್ನು ಬೇಟೆಯಾಡಿದ ಕಲ್ಕತ್ತದ ಪೊಲೀಸ್ ಕಮಿಷನರ್ ಈತ. 1937ರ ಕೊನೆಗೆ ಅವನನ್ನು ಪ್ಯಾಲೆಸ್ಟೈನಿಗೆ ಕರೆಸಿಕೊಂಡರು. ಉತ್ತರದ ಗಡಿಗೆ ಮುಳ್ಳುತಂತಿ ಬೇಲಿ, ಕಾಂಕ್ರೀಟಿನ ಪೊಲೀಸ್ ಕೋಟೆಗಳು ಅವನ ಸಲಹೆ.

ಈ ಚಿತ್ರಕ್ಕೆಂದು ವೆಸ್ಟ್ ಬ್ಯಾಂಕಿನಲ್ಲಿ ಒಂದು ಹಳ್ಳಿಯನ್ನೇ ಸಜ್ಜು ಮಾಡಿದ್ದರು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾಗಿ, ಬಹುಪಾಲು ಚಿತ್ರೀಕರಣ ಜೋರ್ಡಾನಿಗೆ ಹೋಯಿತು. ಆ ನೋವು ಬಲ್ಲವರಿಗೆ ಹಳ್ಳಿಯ ದೃಶ್ಯಗಳು ಸುಲಭಕ್ಕೆ ದಾಟುವುದಿಲ್ಲ.

ನೋಡುವಾಗ ತಲೆಗಳ ಮೇಲೆ ಕಣ್ಣಿಡಿ. ಪೇಟೆಯ ಓದಿದವರದು ಕೆಂಪು ತರ್ಬೂಷ್ ಟೋಪಿ, ಹಳ್ಳಿಯವರದು ಕಫೀಯ ರುಮಾಲು. ದಂಗೆಕೋರ ಪೇಟೆಗೆ ಬಂದರೆ ರುಮಾಲಿನಿಂದಲೇ ಸಿಕ್ಕಿಬೀಳುತ್ತಿದ್ದ. ಹಾಗಾಗಿ 1938ರ ಆಗಸ್ಟಿನಲ್ಲಿ ದಂಗೆಯ ಮುಂದಾಳುಗಳು ಪೇಟೆಯವರೂ ಟೋಪಿ ಬಿಟ್ಟು ಕಫೀಯ ತೊಡಬೇಕೆಂದು ಕಟ್ಟಪ್ಪಣೆ ಮಾಡಿದರು. ತಪಾಸಣೆಗೆ ನಿಂತ ಸಿಪಾಯಿಗೆ ವಕೀಲ ಯಾರು, ಉಳುವವ ಯಾರು ತಿಳಿಯದಂತಾಯಿತು.