ಮಿತಿ ಇದ್ದದ್ದು ಪ್ರಾಂಪ್ಟ್‌ನಲ್ಲಿ, ವಾಲೆಟ್‌ನಲ್ಲಲ್ಲ

ಬ್ಲಾಕ್‌ಚೈನ್ ಮೇಲೆ ಕೆಲಸ ಮಾಡುವ ಎಐ ಏಜೆಂಟ್‌ಗಳನ್ನು ಕಟ್ಟುವುದು ನನ್ನ ಕೆಲಸ. ಏಜೆಂಟ್‌ಗೆ ಏನು ಸೂಚನೆ, ಯಾವ ಟೂಲ್, ಯಾವ ನೆಟ್‌ವರ್ಕ್ ಅಂತ ಬಳಸುವವರೇ ಆರಿಸಿಕೊಳ್ಳಬಹುದು. ಎಐ ಮಾಡೆಲ್ ನೇರವಾಗಿ ಚೈನ್ ಮುಟ್ಟುವುದಿಲ್ಲ. ‘ಈ ಕಾಂಟ್ರಾಕ್ಟ್, ಈ ಫಂಕ್ಷನ್, ಇಷ್ಟು ಮೊತ್ತ’ ಅಂತ ಹೇಳುತ್ತದೆ, ಅಷ್ಟೇ. (ಕಾಂಟ್ರಾಕ್ಟ್ ಅಂದರೆ ಚೈನ್ ಮೇಲೆ ಓಡುವ ಪ್ರೋಗ್ರಾಂ.) ಸಹಿ ಹಾಕುವುದು ಬೇರೆ ಕೋಡ್. ಸಹಿಗೆ ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಪ್ರೈವೇಟ್ ಕೀ, ಇರುವುದೂ ಅಲ್ಲೇ.

ಒಂದು ಏಜೆಂಟ್‌ಗೆ ನಾನೇ ಸೂಚನೆ (ಪ್ರಾಂಪ್ಟ್) ಬರೆದಿದ್ದೆ: ‘ಒಂದು ಸಲಕ್ಕೆ 50 ಯುಎಸ್‌ಡಿಸಿಗಿಂತ ಜಾಸ್ತಿ ಕಳಿಸಬೇಡ.’ ಯುಎಸ್‌ಡಿಸಿ ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಟೋಕನ್. ಇಥೀರಿಯಂ ಬ್ಲಾಕ್‌ಚೈನ್‌ನ ಪ್ರಯೋಗದ ನೆಟ್‌ವರ್ಕ್ ಆದ ಸೆಪೋಲಿಯಾ ಟೆಸ್ಟ್‌ನೆಟ್‌ನಲ್ಲಿ ಓಡಿಸಿ, 20 ಯುಎಸ್‌ಡಿಸಿ ಕೊಟ್ಟು ಅದರ ನಾಣ್ಯ ಈಥರ್ ತಗೋ ಅಂದೆ. ಸರಿಯಾಗಿಯೇ ತಗೊಂಡಿತು. ಲಾಗ್ ಮುಚ್ಚುವ ಮುಂಚೆ ಸುಮ್ನೆ ಒಮ್ಮೆ ಮೇಲೆ ಕಣ್ಣು ಹಾಯಿಸಿದೆ. ಸ್ವಾಪ್‌ಗೆ, ಅಂದರೆ ಆ ವಿನಿಮಯಕ್ಕೆ, ಮೊದಲು ಒಂದು ಅಪ್ರೂವ್ ಕರೆ. ಮೊತ್ತದ ಜಾಗದಲ್ಲಿ 115792 ಅಂತ ಶುರುವಾಗುವ 78 ಅಂಕಿಗಳ ಸಂಖ್ಯೆ.

ಎದೆ ಧಸಕ್ಕೆಂದಿತು. ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಅಂದರೆ ಸ್ವಾಪ್ ಮಾಡುವ ಕಾಂಟ್ರಾಕ್ಟ್ ವಾಲೆಟ್‌ನಲ್ಲಿರುವ ಯುಎಸ್‌ಡಿಸಿಯನ್ನೆಲ್ಲ, ಮುಂದೆ ಬರುವುದನ್ನೂ ಸೇರಿಸಿ, ಎಳೆದುಕೊಳ್ಳಬಹುದು. ಏಜೆಂಟ್ ನನ್ನ ಮಾತು ಮೀರಿರಲಿಲ್ಲ. ಅಪ್ರೂವ್‌ನಲ್ಲಿ ಏನೂ ಕಳಿಸುವುದಿಲ್ಲ, ಅದು ಬರೀ ಅನುಮತಿ. ನಾನು ‘ಕಳಿಸಬೇಡ’ ಅಂದಿದ್ದೆ, ‘ಅನುಮತಿ ಕೊಡಬೇಡ’ ಅಂದಿರಲಿಲ್ಲ ಅಲ್ವಾ?

ಪ್ರಾಂಪ್ಟ್‌ಗೆ ಇನ್ನೊಂದು ಸಾಲು ಸೇರಿಸಲು ಕೈ ಹೋಯಿತು. ಸೇರಿಸಲಿಲ್ಲ. ಇವತ್ತು ಅಪ್ರೂವ್, ನಾಳೆ ಪರ್ಮಿಟ್. ಪರ್ಮಿಟ್‌ನಲ್ಲಂತೂ ಬರೀ ಒಂದು ಸಹಿಯಲ್ಲೇ ಅನುಮತಿ ಕೊಟ್ಟುಬಿಡಬಹುದು. ಏಜೆಂಟ್ ಓದುವ ಟೋಕನ್ ಹೆಸರಿನೊಳಗೇ ಯಾರಾದರೂ ಸೂಚನೆ ಅಡಗಿಸಿಟ್ಟರೆ? ಎಷ್ಟು ಸಾಲು ಅಂತ ಬರೆಯುವುದು?

ಮಿತಿಯನ್ನು ವಾಲೆಟ್‌ಗೇ ಹಾಕಿದೆವು. ಇಥೀರಿಯಂನ ಇಆರ್‌ಸಿ-4337 ಮಾದರಿಯ ಸ್ಮಾರ್ಟ್ ಅಕೌಂಟ್ (ತನ್ನ ನಿಯಮಗಳನ್ನು ಕೋಡ್‌ನಲ್ಲೇ ಇಟ್ಟುಕೊಂಡ ವಾಲೆಟ್), ಏಜೆಂಟ್‌ಗೆ ಅದರದೇ ಸೆಷನ್ ಕೀ (ಸೀಮಿತ ಅಧಿಕಾರದ ತಾತ್ಕಾಲಿಕ ಕೀ). ಆ ಕೀ ಎರಡೇ ಕಾಂಟ್ರಾಕ್ಟ್‌ಗಳನ್ನು ಕರೆಯಬಲ್ಲದು. ಅಪ್ರೂವ್ 50 ದಾಟಿದರೆ ಅಕೌಂಟ್ ಒಪ್ಪುವುದಿಲ್ಲ. 24 ಗಂಟೆ ಕಳೆದರೆ ಕೀ ಕೆಲಸಕ್ಕೆ ಬಾರದು. ಇಲ್ಲಿ ಸೊನ್ನೆಗಳ ಮೇಲೆ ನಿಗಾ ಇರಲಿ: ಯುಎಸ್‌ಡಿಸಿಗೆ 6 ದಶಮಾಂಶ ಸ್ಥಾನ, ಈಥರ್‌ಗೆ 18. ಕಾಂಟ್ರಾಕ್ಟ್‌ಗೆ ಮೊತ್ತ ಕೊಡುವಾಗ ದಶಮಾಂಶ ಚುಕ್ಕಿ ಇರುವುದಿಲ್ಲ, ಹಾಗಾಗಿ 50 ಯುಎಸ್‌ಡಿಸಿ ಅಂದರೆ 50000000. ಈ ಲೆಕ್ಕವನ್ನು ಮಾಡೆಲ್‌ಗೆ ಬಿಡಬೇಡಿ, ಕೋಡ್‌ನಲ್ಲೇ ಮಾಡಿ.

ಹಳೆಯ ವಾಲೆಟ್‌ನ ಅನುಮತಿಯನ್ನು ಸೊನ್ನೆಗೆ ಇಳಿಸಿ, ಹೊಸದರಲ್ಲಿ ಅದೇ ಕೆಲಸ ಮತ್ತೆ ಕೊಟ್ಟೆ. ಏಜೆಂಟ್ ಮತ್ತೆ ಅದೇ 78 ಅಂಕಿ ಕೇಳಿತು. ಅಕೌಂಟ್ ತಿರಸ್ಕರಿಸಿತು. ಎರರ್ ಓದಿಕೊಂಡು ಏಜೆಂಟ್ ಎರಡನೇ ಸಲ ಕೇಳಿದ್ದು 20000000.