ದಪ್ಪ ಬಟ್ಟೆಗೆ ಹೊಲಿಗೆ ತಪ್ಪಿಸುತ್ತಿದ್ದ ಮಷಿನ್: ಕಾರಣ ಕೊನೆಗೂ ಸಿಕ್ಕಿತು

ಕಾಲ್ತುಳಿ ಮಷಿನ್ ಹೊಲಿಯುತ್ತಿದೆ! ಡೆನಿಮ್ ಮಡಚಿ ನಾಲ್ಕು ಪದರ ಇಟ್ಟರೂ ಒಂದು ಹೊಲಿಗೆ ತಪ್ಪುತ್ತಿಲ್ಲ. ನಮ್ಮ ರಿಪೇರಿ ವರ್ಕ್‌ಶಾಪಿಗೆ ಬಂದವರೆಲ್ಲ ಒಂದೊಂದು ಸಲ ಕೈ ಹಾಕಿ ಸೋತ ಮಷಿನ್ ಇದು. ತೊಳೆದದ್ದು, ಎಣ್ಣೆ ಬಿಟ್ಟದ್ದು, ಬೆಲ್ಟ್ ಬದಲಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ. ಸೀದಾ ಕಾಟ ಕೊಟ್ಟ ವಿಷಯಕ್ಕೆ ಬರುತ್ತೇನೆ.

ತೆಳು ಹತ್ತಿ ಬಟ್ಟೆಯಲ್ಲಿ ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬರುತ್ತಿತ್ತು. ಬ್ಯಾಗಿನ ಪಟ್ಟಿಯಂಥ ದಪ್ಪದ್ದು ಇಟ್ಟರೆ ಮಾತ್ರ ತಕರಾರು. ನಾಲ್ಕಾರು ಹೊಲಿಗೆ ಸರಿ, ಆಮೇಲೆ ಒಂದು ಮಾಯ. ಮತ್ತೆ ಸರಿ, ಮತ್ತೆ ಮಾಯ. ಪೂರ್ತಿ ಕೆಟ್ಟಿದ್ದರೆ ಹುಡುಕುವುದು ಸುಲಭ. ಹೀಗೆ ಆಗಾಗ ಕೈಕೊಡುವುದಿದೆಯಲ್ಲ, ಅದು ನಿದ್ದೆ ಕೆಡಿಸುತ್ತದೆ.

ಇಂಥ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪಿಗೆ. ದಯವಿಟ್ಟು ಅದನ್ನು ಬಿಡಿ. ಟೆನ್ಷನ್ ತಪ್ಪಿದರೆ ಹೊಲಿಗೆ ಸಡಿಲವಾಗುತ್ತದೆ, ಇಲ್ಲವೇ ಬಟ್ಟೆ ಸುಕ್ಕಾಗುತ್ತದೆ, ದಾರ ಹರಿಯುತ್ತದೆ. ಹೊಲಿಗೆಯೇ ಬೀಳದೆ ಹೋಗುವುದು ಹೆಚ್ಚಾಗಿ ಬೇರೆ ತೊಂದರೆ. ಅಲ್ಲಿ ಕೆಳಗಿನ ದಾರ ಹೊತ್ತು ತರುವ ಶಟಲ್‌ನ ಮೂತಿಗೆ ದಾರದ ಕುಣಿಕೆ ಸಿಕ್ಕಿರುವುದಿಲ್ಲ.

ಸೂಜಿ ತಳ ಮುಟ್ಟಿ ಮೇಲೇಳುವಾಗ ಬಟ್ಟೆ ದಾರವನ್ನು ಹಿಡಿದುಕೊಳ್ಳುತ್ತದೆ. ಸೂಜಿಯ ಒಂದು ಬದಿಯಲ್ಲಿ ಉದ್ದ ಕಾಲುವೆ ಇದೆ, ಅಲ್ಲಿ ದಾರ ಜಾರಿಕೊಂಡು ಹೋಗುತ್ತದೆ. ಇನ್ನೊಂದು ಬದಿಯಲ್ಲಿ ಅದು ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಶಟಲ್ ಆ ಕುಣಿಕೆಗೆ ಮೂತಿ ತೂರಿಸಬೇಕು. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮಷಿನ್ನಿನಲ್ಲೂ ಇದೇ ಜೋಡಿ ಇತ್ತು: ತುದಿಯ ಹತ್ತಿರ ಕಣ್ಣಿರುವ ಸೂಜಿ, ಇನ್ನೊಂದು ದಾರ ತರುವ ಶಟಲ್. ಇಷ್ಟು ವರ್ಷವಾದರೂ ಇಡೀ ಹೊಲಿಗೆ ನಿಂತಿರುವುದು ಆ ಪುಟ್ಟ ಕುಣಿಕೆಯ ಮೇಲೆ. ನನಗೆ ಈಗಲೂ ಅದನ್ನು ನೋಡಿದರೆ ಖುಷಿಯಾಗುತ್ತದೆ.

ಸರಿ, ಮೊದಲು ಹೊಸ ಸೂಜಿ. ಇಲ್ಲಿ ಸಾಮಾನು ಕಳಿಸಿದವರ ಮೇಲೆ ನನ್ನ ದೂರಿದೆ. ಕೇಳಿದ್ದು ಮನೆ ಮಷಿನ್ನಿನ ಸೂಜಿ, ಅಂದರೆ ಎಚ್‌ಎ‌ಎಕ್ಸ್ 1, ಬುಡದ ಒಂದು ಬದಿ ಚಪ್ಪಟೆ ಇರುವಂಥದ್ದು. ಬಂದದ್ದು ಕಾರ್ಖಾನೆ ಮಷಿನ್ನಿನ ಡಿಬಿ‌ಎಕ್ಸ್ 1, ಬುಡ ಪೂರ್ತಿ ಗುಂಡು, ಸಣ್ಣ ಬೇರೆ. ಫೋನ್ ಮಾಡಿದರೆ "ಎಲ್ಲದಕ್ಕೂ ಕೂರುತ್ತೆ ಸರ್" ಅಂದರು. ಕೂರುವುದಿಲ್ಲ! ಚಪ್ಪಟೆ ಬದಿ ಇರುವುದೇ ಸೂಜಿ ಸರಿಯಾದ ದಿಕ್ಕಿಗೆ ನಿಲ್ಲಲಿ ಎಂದು. ಅದೇ ಅಂಗಡಿಯಿಂದ ಬಂದ ಕೆಳದಾರದ ಸುರುಳಿ ಕೂರುವ ಬಾಬಿನ್ ಕೇಸಿನ ಅಂಚನ್ನೂ ಉಜ್ಜಿ ನುಣುಪು ಮಾಡಬೇಕಾಯಿತು. ದುಡ್ಡು ಕೊಟ್ಟವರಿಗೆ ಹೀಗೆ ಮಾಡಬಾರದು. ಬೇರೆ ಕಡೆಯಿಂದ ಸರಿಯಾದ 16ನೇ ನಂಬರ್ ಸೂಜಿ ತರಿಸಿದೆವು. ಸೂಜಿ 1 ಮಿ.ಮೀ. ದಪ್ಪ, ಡೆನಿಮ್‌ಗೆ ಸಾಕು. ಹೊಲಿಗೆ ಸ್ವಲ್ಪ ಸುಧಾರಿಸಿತು, ಆದರೆ ತಪ್ಪುವುದು ನಿಲ್ಲಲಿಲ್ಲ.

ದಾರಿ ತೋರಿಸಿದ್ದು ಮಷಿನ್ ತಂದ ಅಕ್ಕನೇ. ನಮ್ಮಲ್ಲಿ ವಸ್ತು ತಂದವರು ಅದನ್ನು ಬಿಟ್ಟು ಹೋಗುವಂತಿಲ್ಲ, ರಿಪೇರಿ ಮುಗಿಯುವ ತನಕ ಪಕ್ಕದಲ್ಲೇ ಕೂರಬೇಕು. 2009ರಲ್ಲಿ ಮಾರ್ಟೀನ್ ಪೋಸ್ಟ್‌ಮಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರು ಮಾಡಿದ ರಿಪೇರಿ ಕೆಫೆಯೂ ಜನ ಒಟ್ಟಿಗೆ ಕೂತು ರಿಪೇರಿ ಮಾಡುವ ಜಾಗವೇ. ಅದರ ಬೆಲೆ ನನಗೆ ಅವತ್ತು ಗೊತ್ತಾಯಿತು. "ಅಕ್ಕಾ, ಇದು ಯಾವಾಗಿನಿಂದ ಹೀಗೆ?" ಎಂದು ಕೇಳಿದೆ. "ಬ್ಯಾಗಿಗೆ ಬಕಲ್ ಹಾಕುವಾಗ ಸೂಜಿ ಕಬ್ಬಿಣಕ್ಕೆ ಟಕ್ ಅಂತ ಹೊಡೀತಪ್ಪ, ಆಮೇಲಿಂದ" ಅಂದರು.

ಸೂಜಿ ಗಟ್ಟಿ ವಸ್ತುವಿಗೆ ಬಡಿದರೆ ಸೂಜಿ ಮುರಿಯಬಹುದು. ಮುರಿಯದಿದ್ದರೆ? ಆ ಪೆಟ್ಟೆಲ್ಲ ಸೂಜಿ ಹಿಡಿದಿರುವ ಕಂಬಿ, ಅಂದರೆ ನೀಡಲ್ ಬಾರ್‌ಗೆ ಹೋಗುತ್ತದೆ. ಬಾರ್ ಹಿಡಿದಿರುವ ತಿರುಪು ಸ್ವಲ್ಪ ಸಡಿಲವಿದ್ದರೆ ಸಾಕು, ಬಾರ್ ಮೇಲಕ್ಕೆ ಸರಿಯುತ್ತದೆ.

ಎಡಬದಿಯ ಮುಚ್ಚಳ ತೆಗೆದು, ಕೈಯಲ್ಲಿ ಚಕ್ರ ತಿರುಗಿಸುತ್ತ ಶಟಲ್ ನೋಡಿದೆವು. ಮೂತಿ ಸೂಜಿಕಣ್ಣಿಗಿಂತ ಸ್ವಲ್ಪ ಮೇಲೆ ಹಾಯುವ ಬದಲು ಕಣ್ಣಿನ ಅಂಚನ್ನೇ ಸವರಿಕೊಂಡು ಹೋಗುತ್ತಿತ್ತು. ತೆಳು ಬಟ್ಟೆಯಲ್ಲಿ ಕುಣಿಕೆ ಚೆನ್ನಾಗಿ ಉಬ್ಬುವುದರಿಂದ ಹೇಗೋ ಸಿಗುತ್ತಿತ್ತು. ದಪ್ಪ ಬಟ್ಟೆ ಸೂಜಿಯ ಜೊತೆಗೇ ಮೇಲೇಳುತ್ತದೆ, ಕುಣಿಕೆ ಸಣ್ಣದಾಗುತ್ತದೆ, ಶಟಲ್ ಖಾಲಿ ಹೋಗುತ್ತದೆ. ಲೆಕ್ಕ ಸರಿಹೋಯಿತು!

ಹಳೆಯ ಮಷಿನ್‌ಗಳ ನೀಡಲ್ ಬಾರ್ ಮೇಲೆ ಎರಡು ಗೆರೆ ಇರುತ್ತವೆ, ಎಲ್ಲದರಲ್ಲೂ ಅಲ್ಲ. ಇದರಲ್ಲಿ ಒಂದೂ ಕಾಣುತ್ತಿರಲಿಲ್ಲ. ಒಣಗಿದ ಎಣ್ಣೆ ಕಂದು ಬಣ್ಣದ ಪದರವಾಗಿ ಅಂಟಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕೆಳಗಿನ ಗೆರೆ ಹೊರಬಂತು. ಮೇಲಿನದು? ಬಾರ್ ತೀರಾ ಕೆಳಗಿದ್ದಾಗಲೂ ಅದು ಬಾರ್ ಜಾರುವ ಕೊಳವೆಯ, ಅಂದರೆ ಬುಶ್ಶಿನ ಒಳಗೇ ಅಡಗಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಬಾರ್ ತಳದಲ್ಲಿರುವಾಗ ಮೇಲಿನ ಗೆರೆ ಬುಶ್ಶಿನ ಕೆಳ ಅಂಚಿಗೆ ಸಮ ಬರಬೇಕು.

ತಿರುಪು ಬಿಚ್ಚುವುದೇ ಒಂದು ಕಥೆ. ಒಂದು ಸ್ಕ್ರೂಡ್ರೈವರ್‌ನ ಬಾಯಿಯನ್ನು ಕಲ್ಲಿಗೆ ಹಿಡಿದು, ಸೀಳಿಗೆ ತಕ್ಕ ಹಾಗೆ ಮಸೆದು, ಆಮೇಲೆ ತಿರುಗಿಸಿದೆವು. ದಯವಿಟ್ಟು ಸಡಿಲ ಕೂರುವ ಡ್ರೈವರ್ ಹಾಕಬೇಡಿ, ಸೀಳು ಒಂದು ಸಲ ತಿಂದುಹೋದರೆ ಮುಗಿಯಿತು. ಬಾರ್ ಕೂದಲೆಳೆಯಷ್ಟು ಕೆಳಗಿಳಿಸಿ, ಗೆರೆ ಸಮ ಮಾಡಿ, ಬಿಗಿ ಮಾಡಿದೆವು. ಮತ್ತೆ ಚಕ್ರ ತಿರುಗಿಸಿ ಕೆಳಗಿನ ಗೆರೆ ಬುಶ್ಶಿಗೆ ಬಂದಾಗ ನೋಡಿದರೆ ಶಟಲ್ ಮೂತಿ ಸೂಜಿಯ ನಟ್ಟನಡುವೆ, ಕಣ್ಣಿನ ಸ್ವಲ್ಪ ಮೇಲೆ. ಮೂತಿಗೂ ಸೂಜಿಗೂ ನಡುವೆ ಒಂದು ಕಾಗದದಷ್ಟೂ ಜಾಗವಿಲ್ಲ, ಆದರೂ ತಾಗುತ್ತಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಶರ್ ಫುಟ್‌ನ ಒತ್ತಡವನ್ನೂ ಸ್ವಲ್ಪ ಜಾಸ್ತಿ ಮಾಡಿದೆವು, ದಪ್ಪ ಬಟ್ಟೆ ಮೇಲೇಳದ ಹಾಗೆ.

ಡೆನಿಮ್ ಇಟ್ಟು ಅಕ್ಕನೇ ತುಳಿದರು. ಪಟ್ಟಿಯ ಕೊನೆಯವರೆಗೂ ಹೊಲಿಗೆ ಬಿತ್ತು. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಬೆಸುಗೆ ಹಾಕುತ್ತಿದ್ದವರೂ ಕೆಲಸ ಬಿಟ್ಟು ಬಂದರು.

ಹಾಂ, ಈ ಮಷಿನ್ನಿನ ಮರದ ಮೇಜಿನ ಮೇಲೆ ನನಗೆ ಆಗಲೇ ಕಣ್ಣು ಬಿದ್ದಿದೆ. ಮೇಲೆ ಅಂಟಿಸಿದ ತೆಳು ಮರದ ಹಾಳೆ, ವಿನೀರ್, ಒಂದು ಮೂಲೆಯಲ್ಲಿ ಎದ್ದಿದೆ. ಪ್ರಾಣಿಗಳ ಚರ್ಮದಿಂದ ಮಾಡಿದ ಹಳೆಯ ಕಾಲದ ಅಂಟು ಹಾಕಿದ್ದರೆ ನಮ್ಮ ಅದೃಷ್ಟ. ಅದಕ್ಕೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಅಂಟು ಮತ್ತೆ ಕರಗುತ್ತದೆ, ಮೇಲೆ ಭಾರ ಹೇರಿದರೆ ಕೂರುತ್ತದೆ. ಹೊಸ ಕಾಲದ ಅಂಟಾಗಿದ್ದರೆ ಪೂರ್ತಿ ಕೆರೆಯಬೇಕು. ಮೊದಲು ಕೆಳಗೆ ಕಾಣದ ಜಾಗದಲ್ಲಿ ಒಂದು ಹನಿ ಬಿಸಿನೀರು ಹಾಕಿ ನೋಡುತ್ತೇನೆ, ಅಂಟು ಮೆತ್ತಗಾದರೆ ಕೆಲಸ ಶುರು.

ಅದಕ್ಕೂ ಮೊದಲು ವರ್ಕ್‌ಶಾಪಿಗೆ ಕ್ಯಾನ್ವಾಸ್‌ನ ಹತಾರದ ಚೀಲಗಳು ಬೇಕು. ಉಳಿಗಳು ಸುಮ್ನೆ ಡಬ್ಬಿಯಲ್ಲಿ ಬಿದ್ದು ಒಂದರ ಬಾಯಿಯನ್ನು ಇನ್ನೊಂದು ಕೆಡಿಸುತ್ತಿವೆ. ಅಕ್ಕ ಹೊಲಿದುಕೊಡುತ್ತೇನೆ ಎಂದಿದ್ದಾರೆ, ಕತ್ತರಿಸುವುದು ನಮ್ಮ ಪಾಲು.